ಶಾಸಕರೇ, ಮಕ್ಕಳ ಲೆಕ್ಕ ಬಿಡಿ, ನೀರಿನ ಲೆಕ್ಕ ಕೊಡಿ

ಮಾನ್ಯ ಶಾಸಕರಿಗೆ ನಮಸ್ಕಾರ.

ಹೋದ ತಿಂಗಳು ನಮ್ಮ ಲೇಔಟಿನ ಗಣಪತಿ ದೇವಸ್ಥಾನದ ಮುಂದೆ ಸಭೆ ನಡೆಯಿತಲ್ಲ, ಅಲ್ಲಿ ಒಬ್ಬರು ಎದ್ದು ನಿಂತು ನೀರಿನ ವಿಷಯ ಕೇಳಿದರು. ಅದಕ್ಕೆ ನೀವು, "ಜನ ಹೀಗೆ ಹೆಚ್ಚುತ್ತಾ ಹೋದ್ರೆ ಯಾವ ಸರ್ಕಾರ ತಾನೇ ಏನು ಮಾಡಕ್ಕಾಗುತ್ತೆ? ಎರಡು ಮಕ್ಕಳ ಕಾನೂನು ಬರ್ಲಿ, ಎಲ್ಲ ಸರಿಹೋಗುತ್ತೆ" ಅಂದಿರಿ. ಚಪ್ಪಾಳೆಯೂ ಬಿತ್ತು. ನಾನು ಹಿಂದಿನ ಸಾಲಿನಲ್ಲಿದ್ದೆ. ಚಪ್ಪಾಳೆ ಹೊಡೆಯಲು ಕೈ ಬರಲಿಲ್ಲ. ಮೈಕು ಹಿಂದಿನವರೆಗೆ ಬರುವಷ್ಟರಲ್ಲಿ ನೀವು ಇನ್ನೊಂದು ಕಾರ್ಯಕ್ರಮಕ್ಕೆ ಹೊರಟಿದ್ದಿರಿ, ಹಾಗಾಗಿ ಅಲ್ಲಿ ಹೇಳಬೇಕಿದ್ದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಜನ ಜಾಸ್ತಿ ಆಗಿದ್ದಾರೆ ಅನ್ನುವುದು ನಿಜ ಸರ್. 2001ರ ಜನಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯಲ್ಲಿ 65 ಲಕ್ಷ ಜನ ಇದ್ದರು, 2011ಕ್ಕೆ 96 ಲಕ್ಷ. ಹತ್ತೇ ವರ್ಷದಲ್ಲಿ ಶೇ. 47ರಷ್ಟು ಏರಿಕೆ. ಅದೇ ಹತ್ತು ವರ್ಷದಲ್ಲಿ ಇಡೀ ಕರ್ನಾಟಕದ ಏರಿಕೆ ಶೇ. 16 ಕೂಡ ಇಲ್ಲ. ಕಾವೇರಿ ಹುಟ್ಟುವ ಕೊಡಗಿನಲ್ಲಿ ಬರೀ ಶೇ. 1. ನಮ್ಮೂರಿರುವ ಚಿಕ್ಕಮಗಳೂರು ಜಿಲ್ಲೆಯಲ್ಲಂತೂ ಜನ ಹೆಚ್ಚಲೇ ಇಲ್ಲ, ಮೂರು ಸಾವಿರದ ಹತ್ತಿರ ಕಡಿಮೆಯೇ ಆದರು. ಹಾಗಾದರೆ ಬೆಂಗಳೂರಿನಲ್ಲಿ ಹೆಚ್ಚಿದವರು ಯಾರು? ಎಲ್ಲರೂ ಇಲ್ಲಿನ ಆಸ್ಪತ್ರೆಗಳಲ್ಲಿ ಹುಟ್ಟಿದವರಲ್ಲ. ನನ್ನ ಹಾಗೆ ರಾತ್ರಿ ಬಸ್ಸು ಹತ್ತಿ ಬಂದವರು ಎಷ್ಟೊಂದು ಜನ.

ಇನ್ನು ಮಕ್ಕಳ ಮಾತು. ನಮ್ಮಜ್ಜಿಗೆ ಎಂಟು ಮಕ್ಕಳು, ಅಮ್ಮನಿಗೆ ಮೂವರು, ನನಗೆ ಒಬ್ಬಳು ಮಗಳು. ಇದನ್ನು ಯಾವ ಕಾನೂನೂ ಮಾಡಿಸಲಿಲ್ಲ. ಅಮ್ಮ ಹೈಸ್ಕೂಲು ಓದಿದರು, ಊರಿಗೆ ನರ್ಸಮ್ಮ ಬರತೊಡಗಿದರು, ಹುಟ್ಟಿದ ಮಕ್ಕಳು ಬದುಕಿ ಉಳಿಯುತ್ತವೆ ಅನ್ನುವ ಧೈರ್ಯ ಬಂತು, ಅಷ್ಟೇ. ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಆಸ್ಪತ್ರೆಯಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ಕಿಗೆ ಆದೇಶ ಕೊಟ್ಟಿತ್ತು, ಜಗತ್ತಿನ ಎಷ್ಟೋ ದೇಶಗಳು ಆ ಮಾತು ಎತ್ತಲೂ ನಾಚುತ್ತಿದ್ದ ಕಾಲ ಅದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು. ಅಂದರೆ ಎರಡಕ್ಕಿಂತ ಕಡಿಮೆ ಆಗಿ ಆಗಲೇ ವರ್ಷಗಳಾದವು. ಜನಸಂಖ್ಯೆ ನೋಡಿ ಲೋಕಸಭಾ ಕ್ಷೇತ್ರಗಳನ್ನು ಮರುವಿಂಗಡಣೆ ಮಾಡುವ ಮಾತು ಬಂದಾಗ, ಜನಸಂಖ್ಯೆ ಹಿಡಿತದಲ್ಲಿ ಇಟ್ಟ ರಾಜ್ಯಕ್ಕೆ ಅನ್ಯಾಯ ಆಗಬಾರದು ಅಂತ ನಾವೇ ಹೇಳುತ್ತೇವೆ. ಅದೇ ಬಾಯಲ್ಲಿ ನಮ್ಮ ಬೀದಿಗೆ ಬಂದು ಮಕ್ಕಳು ಜಾಸ್ತಿ ಅಂದರೆ ಹೇಗೆ?

2024ರ ಮಾರ್ಚ್ ತಿಂಗಳು ನಿಮಗೆ ನೆನಪಿರಬೇಕು. ಹಿಂದಿನ ವರ್ಷ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಆಗಿದ್ದವು. ನಗರದ 13,900 ಸರ್ಕಾರಿ ಬೋರ್‌ವೆಲ್‌ಗಳಲ್ಲಿ 6,900 ಬತ್ತಿವೆ ಅಂತ ಸರ್ಕಾರವೇ ಹೇಳಿತು. ನಮ್ಮ ಬಿಲ್ಡಿಂಗಿನ ಬೋರ್ ಫೆಬ್ರುವರಿಯಲ್ಲೇ ಗಾಳಿ ಉಗುಳಲು ಶುರು ಮಾಡಿತ್ತು. ಬೆಳಿಗ್ಗೆ ಆರೂವರೆಗೆ ಟ್ಯಾಂಕರ್ ಬರುತ್ತಿತ್ತು. ಸಂಪಿನ ಮುಚ್ಚಳ ತೆಗೆದು, ಒಳಗೆ ಕೋಲು ಇಳಿಸಿ ಎಷ್ಟು ಒದ್ದೆಯಾಯಿತು ಅಂತ ನೋಡಿ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೀಟು ಹಾಕುತ್ತಿದ್ದೆವು. ಜಿಲ್ಲಾಡಳಿತ ದರ ನಿಗದಿ ಮಾಡಿತು, ಆದರೆ ಆ ದರಕ್ಕೆ ಕೇಳಿದರೆ ಡ್ರೈವರ್ ಫೋನೇ ಎತ್ತುತ್ತಿರಲಿಲ್ಲ.

ಆ ಟ್ಯಾಂಕರಿನ ಪೈಪು ಜೋಡಿಸುವ ಜಾಗದಲ್ಲಿ ಸ್ವಲ್ಪ ಸೋರುತ್ತಿತ್ತು. ನಮ್ಮ ವಾಚ್‌ಮನ್ ಹೆಂಡತಿ ಅದರ ಕೆಳಗೆ ಬಿಂದಿಗೆ ಇಟ್ಟು ಕೂರುತ್ತಿದ್ದಳು. ಯಾದಗಿರಿ ಕಡೆಯವರು, ಮೂರು ಮಕ್ಕಳು, ಕಾರು ನಿಲ್ಲಿಸುವ ಜಾಗದ ಮೂಲೆಯಲ್ಲಿ ಒಂದು ಕೋಣೆ. ಐದು ಜನಕ್ಕೆ ದಿನಕ್ಕೆ ಎಂಟು ಬಿಂದಿಗೆ ನೀರು, ಅಡುಗೆ, ಸ್ನಾನ, ಪಾತ್ರೆ, ಬಟ್ಟೆ ಎಲ್ಲ ಅದರಲ್ಲೇ. ನಮ್ಮ ಮನೆಯ ವಾಷಿಂಗ್ ಮಷೀನು ಎರಡು ಸಲ ತಿರುಗಿದರೆ ಅಷ್ಟು ನೀರು ಮುಗಿಯುತ್ತದೆ. ಒಂದು ದಿನ ಪೈಪಿನ ವಾಷರ್ ಬದಲಾಯಿಸಿದರು, ಸೋರುವುದು ನಿಂತಿತು, ಅವಳು ಖಾಲಿ ಬಿಂದಿಗೆ ಹಿಡಿದು ಸುಮ್ನೆ ಒಳಗೆ ಹೋದಳು. ಅದನ್ನು ನೋಡಿ ನನಗೆ ಇಡೀ ದಿನ ಸಮಾಧಾನ ಇರಲಿಲ್ಲ. ಆಮೇಲೆ ಎಲ್ಲ ಮನೆಯವರೂ ಮಾತಾಡಿ ಅವರ ಕೋಣೆಗೆ ಒಂದು ನಲ್ಲಿ ಹಾಕಿಸಿದೆವು, ಮೊದಲೇ ಹಾಕಿಸಬೇಕಿತ್ತು. ನೀವು ಹೇಳುವ ಕಾನೂನು ಬಂದರೆ ಮೊದಲ ಪೆಟ್ಟು ಬೀಳುವುದು ಅವಳಿಗೆ. ನಗರದ ನೀರನ್ನು ಕುಡಿದು ಖಾಲಿ ಮಾಡಿದ್ದು ಅವಳ ಮಕ್ಕಳಲ್ಲ ಸರ್.

ಈ ಊರು ನೀರಿಗಾಗಿ ದೂರ ದೂರ ಹೋಗುತ್ತಲೇ ಇದೆ. 1894ರಲ್ಲಿ ಹೆಸರಘಟ್ಟ, 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ ಮೊದಲ ಹಂತ. ಈಗ ಸುಮಾರು 100 ಕಿಲೋಮೀಟರ್ ದೂರದಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಅಂತ ಮೂರು ಕಡೆ ಪಂಪ್ ಮಾಡಿ, ನೀರನ್ನು ಗುಡ್ಡ ಹತ್ತಿಸಿದ ಹಾಗೆ ಮೇಲೆ ತರುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಶುರುವಾಯಿತು, ದಿನಕ್ಕೆ 77.5 ಕೋಟಿ ಲೀಟರ್, ಪಾಲಿಕೆಗೆ ಸೇರಿಸಿಕೊಂಡ 110 ಹಳ್ಳಿಗಳಿಗೆ ಅಂತ. ಆ ಹಳ್ಳಿಗಳನ್ನು ಸೇರಿಸಿಕೊಂಡದ್ದು 2007ರಲ್ಲಿ! ಹದಿನೇಳು ವರ್ಷದಲ್ಲಿ ರಾಗಿ ಹೊಲ ಸೈಟಾಯಿತು, ಸೈಟು ಪಿಜಿ ಆಯಿತು, ಪಿಜಿ ಪಕ್ಕದಲ್ಲಿ ಹದಿನಾಲ್ಕು ಮಹಡಿ ಎದ್ದಿತು. ಅವರೆಲ್ಲ ಅಲ್ಲಿಯವರೆಗೆ ಕುಡಿದದ್ದು ಬೋರ್‌ವೆಲ್ ನೀರು. ಅದಕ್ಕೇ ಅಲ್ವಾ ಬೋರ್‌ಗಳು ಬತ್ತಿದ್ದು?

ಮತ್ತೆ ಕಾವೇರಿಯೂ ನಮ್ಮೊಬ್ಬರ ನಲ್ಲಿ ಅಲ್ಲ. 2018ರಲ್ಲಿ ಸುಪ್ರೀಂ ಕೋರ್ಟ್ ಬೆಂಗಳೂರಿನ ಕುಡಿಯುವ ನೀರಿಗೆ ಅಂತ 4.75 ಟಿಎಂಸಿ (ಅಂದರೆ 475 ಕೋಟಿ ಘನ ಅಡಿ) ಹೆಚ್ಚು ಕೊಟ್ಟಿತು, ಅದು ದೊಡ್ಡ ವಿಷಯ. ಆದರೆ ಅದೇ ಹೊಳೆಯನ್ನು ನಂಬಿ ಮಂಡ್ಯದ ಗದ್ದೆ ಇದೆ, ಮೈಸೂರು ಇದೆ, ತಮಿಳುನಾಡಿನ ರೈತರಿದ್ದಾರೆ. ಮಳೆ ಬಾರದ ವರ್ಷ ಯಾರ ಪಾಲು ಕಿತ್ತು ಯಾರಿಗೆ ಕೊಡುತ್ತೀರಿ?

ನನ್ನ ಬೇಡಿಕೆ ದೊಡ್ಡದಲ್ಲ. ನಮ್ಮ ಕೆರೆಯ ಆಚೆ ದಡದಲ್ಲಿ ಹೊಸ ಅಪಾರ್ಟ್‌ಮೆಂಟಿನ ಬೋರ್ಡು ಬಂದಿದೆ, ಮೂರು ಟವರ್ ಅಂತೆ. ಬೋರ್ಡಿನಲ್ಲಿ ಈಜುಕೊಳದ ಚಿತ್ರ ಇದೆ, ನೀರು ಎಲ್ಲಿಂದ ಅನ್ನುವುದಕ್ಕೆ ಒಂದು ಸಾಲೂ ಇಲ್ಲ. ಅಂಥ ಕಟ್ಟಡಕ್ಕೆ ಅನುಮತಿ ಕೊಡುವ ಮೊದಲು ನೀರಿನ ಲೆಕ್ಕವನ್ನು ಜನರ ಮುಂದೆ ಇಡಿಸಿ. ನಮ್ಮ ಕ್ಷೇತ್ರಕ್ಕೆ ದಿನಕ್ಕೆ ನಿಜವಾಗಿ ಎಷ್ಟು ಕಾವೇರಿ ನೀರು ಬರುತ್ತಿದೆ, ಎಷ್ಟು ಬೋರ್‌ಗಳಲ್ಲಿ ಇನ್ನೂ ನೀರಿದೆ, ಇನ್ನೆಷ್ಟು ಸಾವಿರ ಮನೆಗಳಿಗೆ ಈಗಾಗಲೇ ಒಪ್ಪಿಗೆ ಸಿಕ್ಕಿದೆ, ಇಷ್ಟು ಒಂದು ಹಾಳೆಯಲ್ಲಿ ಬರೆದು ವಾರ್ಡ್ ಕಚೇರಿಯ ಗೋಡೆಗೆ ಅಂಟಿಸಿದರೂ ಸಾಕು. ಇದನ್ನು ಕಾರ್ಪೊರೇಟರ್ ಹತ್ತಿರ ಕೇಳಬೇಕಿತ್ತು, ನಿಜ. ಆದರೆ 2020ರ ಸೆಪ್ಟೆಂಬರಿನಲ್ಲಿ ಅವರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ, ನಮಗೆ ಅಭ್ಯಾಸವಾದ ಬಾಗಿಲು ನಿಮ್ಮದೇ.

2021ರಲ್ಲಿ ಆಗಬೇಕಿದ್ದ ಜನಗಣತಿಯೂ ತಪ್ಪಿಹೋಯಿತು. ಈಗ 2027ರ ಮಾರ್ಚ್ 1ಕ್ಕೆ ಅಂತ ನಿಗದಿಯಾಗಿದೆ. ಎಣಿಸುವವರು ನಮ್ಮ ಕ್ಷೇತ್ರಕ್ಕೆ ಬಂದಾಗ ಕಟ್ಟಡ ಕೆಲಸದವರ ಶೆಡ್ಡು, ವಾಚ್‌ಮನ್ ಕೋಣೆ, ಪಿಜಿಯ ಮಂಚ ಮಂಚವೂ ಲೆಕ್ಕಕ್ಕೆ ಸಿಗುವ ಹಾಗೆ ನಿಮ್ಮ ಕಾರ್ಯಕರ್ತರು ಜೊತೆಗೆ ನಿಲ್ಲಲಿ. ಬಿಟ್ಟುಹೋದವರಿಗೆ ಮುಂದಿನ ಹತ್ತು ವರ್ಷ ಪೈಪೂ ಇಲ್ಲ, ರೇಷನ್ನೂ ಇಲ್ಲ.

ಇನ್ನೊಂದು ಮಾತು, ಇದನ್ನು ವಿಧಾನಸಭೆಯಲ್ಲಿ ಕೇಳಿ. ಯಾದಗಿರಿಯ ಹುಡುಗನಿಗೆ ಕಲಬುರಗಿಯಲ್ಲಿ, ಕೊಪ್ಪದ ಹುಡುಗಿಗೆ ಶಿವಮೊಗ್ಗದಲ್ಲಿ ಕೆಲಸ ಯಾಕೆ ಸಿಗುತ್ತಿಲ್ಲ? ನಾನು ಓದಿದ ಶಾಲೆಯಲ್ಲಿ ನಾವು ನಲವತ್ತು ಮಕ್ಕಳಿದ್ದೆವು. ಹೋದ ದೀಪಾವಳಿಗೆ ಹೋದಾಗ ಕೇಳಿದೆ, ಆರು ಮಕ್ಕಳಂತೆ. ನಮ್ಮ ಮನೆಯ ಬಾವಿಯಲ್ಲಿ ನೀರು ಬಗ್ಗಿದರೆ ಕೈಗೆ ಸಿಗುವಷ್ಟು ಮೇಲಿತ್ತು. ಸೇದಲು ಅಲ್ಲಿ ಅಮ್ಮ ಒಬ್ಬರೇ ಇದ್ದಾರೆ.

ಮುಂದಿನ ಸಭೆಗೆ ಬರುವಾಗ ಆ ಹಾಳೆ ತನ್ನಿ ಸರ್. ವಾಚ್‌ಮನ್ ಹೆಂಡತಿಯನ್ನೂ ಕರೆದುಕೊಂಡು ಬಂದು ಈ ಸಲ ಮುಂದಿನ ಸಾಲಿನಲ್ಲೇ ಕೂರುತ್ತೇನೆ.

ಇತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರಳು