ಹಳೇ ಫಿಯೆಟ್‌ನ ಮೂಲ ಮಾಲೀಕರ ಪತ್ತೆ

ಗುಂಪಿನ ಎಲ್ಲರ ಗಮನಕ್ಕೆ. ಚಿಂತಾಮಣಿಯಲ್ಲಿ ಮಾರಾಟಕ್ಕಿರೋ ಹಳೇ ಫಿಯೆಟ್ 1100 ಕಾರಿನ ಮೂಲ ಮಾಲೀಕರು ಯಾರು ಅಂತ ಕೇಳ್ತಿದ್ದೀರಲ್ಲ, ಅದರ ಜಾತಕ ಹುಡುಕೋಕೆ ಚಿಕ್ಕಬಳ್ಳಾಪುರದ ಆರ್‌ಟಿಒ ಕಚೇರಿಗೆ ಓಡಬೇಡಿ. ಅದು ಕೋಲಾರದಿಂದ ಬೇರೆಯಾಗಿ ಜಿಲ್ಲೆ ಆಗಿದ್ದೇ 2007ರಲ್ಲಿ. ಹಳೇ ಕಡತ ಕೋಲಾರದಲ್ಲಿ ವಿಚಾರಿಸಿ. ನಂಬರು ಎಂವೈ ಅಂತ ಶುರುವಾಗುತ್ತೆ, ಅದು ಮೈಸೂರು ರಾಜ್ಯದ ಕಾಲದ ಸರಣಿ, ಆನ್‌ಲೈನ್‌ನಲ್ಲಿ ಸಿಗೋದು ಅನುಮಾನ.

ಹಳೇ ಆರ್‌ಸಿ (ನೋಂದಣಿ) ಪುಸ್ತಕ ಇದ್ದರೆ ಅದೇ ಚಿನ್ನ. ವರ್ಗಾವಣೆ ಪುಟಗಳಲ್ಲಿ ಒಬ್ಬೊಬ್ಬ ಮಾಲೀಕನ ಹೆಸರು, ಊರು, ತಾರೀಖು, ನೇರಳೆ ಮೊಹರು. ಗಾಡಿ ಮೇಲಿನ ಸಾಲದ ನಮೂದು ಹೊಡೆದುಹಾಕಿದೆಯೋ ಇಲ್ಲವೋ ನೋಡಿ. ಗಾಡಿಯ ಚೌಕಟ್ಟಿನಲ್ಲಿ ಕೊರೆದಿರೋ ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ಪುಸ್ತಕಕ್ಕೆ ತಾಳೆ ಹಾಕಿ. ಒಂದು ಅಂಕಿ ಹೆಚ್ಚುಕಮ್ಮಿ ಆದರೂ ಅಡ್ವಾನ್ಸ್ ಕೊಡಬೇಡಿ, ಮಾರುವವರು ಎಷ್ಟೇ ಸಂಭಾವಿತರಾಗಿರಲಿ.

50 ವರ್ಷ ದಾಟಿದ, ಮೂಲ ರೂಪದಲ್ಲಿರೋ ಗಾಡಿಗೆ 2021ರ ನಿಯಮದಡಿ ವಿಂಟೇಜ್ ನೋಂದಣಿ ಉಂಟು; ಶುಲ್ಕ 20,000 ರೂಪಾಯಿ. ಪುಸ್ತಕದ ಫೋಟೋ ಗುಂಪಿಗೆ ಹಾಕುವಾಗ ವಿಳಾಸ ಮುಚ್ಚಿ.