ಪ್ಲಾನ್ ಪಾಸ್ ಆಯ್ತು, ಮೊದಲ ಥ್ಯಾಂಕ್ಸ್ ಬೈದವರಿಗೆ

ಎರಡು ವರ್ಷ ಮೂರು ತಿಂಗಳಾದ್ಮೇಲೆ ಗುರುವಾರ ಮಧ್ಯಾಹ್ನ ಸೀಲು ಬಿದ್ದ ನಕ್ಷೆ ಕೈಗೆ ಬಂತು. ಊರಂಚಿನ ಆ ಹತ್ತೆಕರೆಯಲ್ಲಿ ಮನೆಗಳನ್ನ ಕಟ್ಟೋಕೆ ನಮ್ಮ ಕಮಿಟಿ ಹಾಕಿದ್ದ ಪ್ಲಾನು ಪಾಸಾಗಿದೆ. ಸುದ್ದಿ ಆಗ್ಲೇ ಎಲ್ಲಾ ಕಡೆ ಹರಡಿದೆ, ಎರಡು ದಿನದಿಂದ ಫೋನು ಬಿಡುವಿಲ್ಲದೆ ಬಡ್ಕೊಳ್ತಿದೆ, ಎಲ್ರೂ ನಂಗೇ ಕಂಗ್ರಾಟ್ಸ್ ಹೇಳ್ತಿದೀರ, ನಿಜ ಹೇಳ್ಬೇಕಂದ್ರೆ ಸ್ವಲ್ಪ ಮುಜುಗರ ಆಗ್ತಿದೆ ಯಾಕಂದ್ರೆ ನಾನು ಲೆಕ್ಕಪತ್ರ ನೋಡೋ ಮನುಷ್ಯ, ಇದ್ರಲ್ಲಿ ನಾನು ಮಾಡಿದ್ದು ಅಂದ್ರೆ ಸಭೆ ಕರೆಯೋದು, ಮಿನಿಟ್ಸ್ ಬರೆಯೋದು, ಆಮೇಲೆ ಕೂತು ಬೈಸ್ಕೊಳ್ಳೋದು ಅಷ್ಟೇ. ಅದಕ್ಕೇ ಇವತ್ತು ರಜಾ ಅಲ್ವಾ, ಕೂತು ಒಬ್ಬೊಬ್ಬರನ್ನೂ ನೆನೆಸ್ಕೊಂಡು ಬರೀತಿದೀನಿ. ಹೆಸರು ಹಾಕ್ತಿಲ್ಲ. ಓದಿದ್ರೆ ನಿಮಗೇ ಗೊತ್ತಾಗತ್ತೆ.

ಮೊದಲ ನಕ್ಷೆ ನೆನಪಿದೆಯಲ್ಲ? ನಾವು ನಾಲ್ಕು ಜನ ಸೇರ್ಕೊಂಡು ಮೂರೇ ವಾರದಲ್ಲಿ ಮುಗಿಸಿದ್ದು. 120 ಮನೆ, ನೆಟ್ಟಗೆ ಸ್ಕೇಲಿಟ್ಟು ಎಳೆದ ರಸ್ತೆ, ಎಲ್ಲಾ ಸೈಟೂ ಒಂದೇ ಅಳತೆ. ಗೋಡೆಗೆ ಅಂಟಿಸಿ ದೂರ ನಿಂತು ನೋಡಿ ಎಷ್ಟು ಖುಷಿಪಟ್ಟಿದ್ವಿ ಅಂದ್ರೆ, ಈಗ ನೆನೆಸ್ಕೊಂಡ್ರೆ ನಾಚಿಕೆ ಆಗತ್ತೆ. ಊರ ಸಭೇಲಿ ಅದನ್ನ ತೋರಿಸಿದಾಗ ಹಿಂದಿನ ಬೆಂಚಲ್ಲಿ ಕೂತಿದ್ದ ಅಜ್ಜ ಒಬ್ರು ಎದ್ದು ಬಂದ್ರು, ಕನ್ನಡಕ ಹಣೆ ಮೇಲೆ ಏರಿಸ್ಕೊಂಡು, ನಕ್ಷೆ ಮೇಲೆ ಬೆರಳಿಟ್ಟು, "ಇದ್ಯಾರ ಮನೇನಪ್ಪ?" ಅಂದ್ರು. 47ನೇ ನಂಬರ್ ಸೈಟು. ಇನ್ನೂ ಯಾರಿಗೂ ಕೊಟ್ಟಿಲ್ಲ ಅಂದೆ. "ಕೊಡಬೇಡ. ಇಲ್ಲಿ ನೀರು ಮಲಗತ್ತೆ" ಅಂದ್ರು.

ನಾನು ಒಳಗೊಳಗೇ ನಕ್ಕಿದ್ದೆ. ಒಪ್ಕೊಳ್ತೀನಿ. ಅಲ್ಲಿ ಹಳ್ಳಾನೂ ಇಲ್ಲ ಕಾಲುವೇನೂ ಇಲ್ಲ ಅಜ್ಜಾ, ಹೋಗಿ ನೋಡಿ ಬಂದಿದೀವಿ, ಒಣ ನೆಲ ಅಂದೆ. "ನೀನು ಬೇಸಿಗೇಲಿ ನೋಡಿದೀಯ ಕಣಪ್ಪ" ಅಂದು ಹೋಗಿ ಕೂತ್ರು. ಮಿನಿಟ್ಸಲ್ಲಿ ನಾನು ಅದನ್ನ ಬರೀಲೂ ಇಲ್ಲ.

ಆ ವರ್ಷ ಮಳೆಗಾಲದಲ್ಲಿ ಒಂದು ರಾತ್ರಿ ಹನ್ನೆರಡೂವರೆಗೆ ಬಾಗಿಲು ತಟ್ಟಿದ ಶಬ್ದ. ತೆಗೆದು ನೋಡಿದ್ರೆ ಅಜ್ಜ, ತಲೆ ಮೇಲೆ ಪ್ಲಾಸ್ಟಿಕ್ ಹಾಳೆ, ಕೈಯಲ್ಲಿ ಟಾರ್ಚು. "ಬಾ, ನಿನ್ನ 47ನೇ ನಂಬರ್ ತೋರಿಸ್ತೀನಿ" ಅಂದ್ರು. ಹೋದ್ವಿ. ಮೀನಖಂಡದವರೆಗೆ ನೀರು! ನಿಂತ ನೀರಲ್ಲ, ಹೊಲದ ಮಧ್ಯದಲ್ಲಿ ಮೆಲ್ಲಗೆ, ಸದ್ದಿಲ್ಲದೆ ನಡ್ಕೊಂಡು ಹೋಗ್ತಿರೋ ನೀರು. ಟಾರ್ಚ್ ಬಿಟ್ರೆ ಹುಲ್ಲಿನ ತುದಿಗಳೆಲ್ಲ ಒಂದೇ ದಿಕ್ಕಿಗೆ ಬಾಗಿದ್ದು ಕಾಣ್ತಿತ್ತು. ಅಜ್ಜ ಮುಂದೆ ಮುಂದೆ ನೀರಿನ ಅಂಚು ಹಿಡ್ಕೊಂಡು ನಡೆದ್ರು, ನಾನು ಹಿಂದೆ ಗೂಟದ ಚೀಲ ಸುತ್ತಿಗೆ ಹಿಡ್ಕೊಂಡು ಹತ್ತು ಹೆಜ್ಜೆಗೆ ಒಂದು ಗೂಟ ಬಡೀತಾ ಹೋದೆ, ಕೆಸರಲ್ಲಿ ಒಂದು ಚಪ್ಪಲಿ ಹೋಯ್ತು, ಅದು ಇವತ್ತಿಗೂ ಸಿಕ್ಕಿಲ್ಲ. ಬೆಳಿಗ್ಗೆ ದಿಣ್ಣೆ ಮೇಲೆ ನಿಂತು ನೋಡಿದ್ರೆ ಗೂಟಗಳ ಸಾಲು ಹಾವಿನ ಥರ ಹೊಲದುದ್ದಕ್ಕೂ ಹರಿದಿತ್ತು, ನಕ್ಷೆ ತಂದು ಹೊಂದಿಸಿ ನೋಡಿದ್ರೆ 22 ಸೈಟು ಅದರ ಮೇಲೇ ಕೂತಿದ್ವು.

ಅಜ್ಜಾ, ಆ ರಾತ್ರಿ ನೀವು ಬರದೇ ಇದ್ದಿದ್ರೆ 22 ಮನೆಯವರು ಪ್ರತಿ ಮಳೆಗಾಲ ನಮಗೆ ಶಾಪ ಹಾಕ್ತಿದ್ರು. ಅವತ್ತೇ ಹೇಳಬೇಕಿತ್ತು, ಈಗ ಹೇಳ್ತಿದೀನಿ. ತುಂಬಾ ಥ್ಯಾಂಕ್ಸ್. ಮತ್ತೆ ನಕ್ಕಿದ್ದಕ್ಕೆ ಕ್ಷಮಿಸಿ.

ಇನ್ನೊಂದು ಪ್ರಶ್ನೆ ಉಳಿದಿತ್ತು, ಕಾಂಟೂರ್ ನಕ್ಷೆ, ಅಂದ್ರೆ ನೆಲದ ಏರು ತಗ್ಗು ಗೆರೆಗಳಲ್ಲಿ ತೋರಿಸೋ ನಕ್ಷೆ, ಇಟ್ಕೊಂಡೇ ಪ್ಲಾನ್ ಮಾಡಿದ್ವಲ್ಲ, ಅದ್ರಲ್ಲಿ ಈ ತಗ್ಗು ಯಾಕೆ ಕಾಣಲಿಲ್ಲ ಅಂತ. ಅದಕ್ಕೆ ಉತ್ತರ ಕೊಟ್ಟಿದ್ದು ನಮ್ಮ ಸರ್ವೆ ಮೇಡಂ. ನಮ್ಮ ಹತ್ರ ಇದ್ದ ಹಳೇ ನಕ್ಷೇಲಿ ಒಂದೊಂದು ಮೀಟರ್ ಎತ್ತರಕ್ಕೆ ಒಂದು ಗೆರೆ. ಈ ತಗ್ಗು ಮೂವತ್ತಡಿ ಅಗಲ ಇದ್ರೂ ಆಳ ಒಂದೂವರೆ ಅಡಿ ಮಾತ್ರ, ಅಂದ್ರೆ ಅರ್ಧ ಮೀಟರೂ ಇಲ್ಲ. ಎರಡು ಗೆರೆ ಮಧ್ಯೆ ಬಿದ್ದು ಮಾಯ ಆಗಿಬಿಟ್ಟಿತ್ತು. ನಕ್ಷೆ ಸುಳ್ಳು ಹೇಳಿಲ್ಲ, ನಾವು ಕೇಳಿದಷ್ಟೇ ಹೇಳಿದೆ ಅಂದ್ರು ಅವರು. ಆಮೇಲೆ ಪೂರ್ತಿ ಹೊಲದ ಲೆವೆಲ್ ಮತ್ತೆ ತೆಗೆದು 25 ಸೆಂಟಿಮೀಟರಿಗೊಂದು ಗೆರೆ ಎಳೆದು ಕೊಟ್ರು, ಆರು ದಿನ ಉರಿಬಿಸಿಲಲ್ಲಿ, ಎತ್ತರ ಅಳೆಯೋ ಉದ್ದನೆ ಕೋಲು ಹಿಡಿಯೋಕೆ ನಮ್ಮ ಕಾಲೇಜು ಹುಡುಗ್ರು. ಹೊಸ ಹಾಳೇಲಿ ಅಜ್ಜನ ಗೂಟದ ಸಾಲು ಹಂಗೇ ಎದ್ದು ಬಂತು, ಒಂದೆರಡು ಕಡೆ ಬಿಟ್ರೆ ಎಲ್ಲೂ ವ್ಯತ್ಯಾಸ ಇಲ್ಲ. ಮೇಡಂ ಅವತ್ತು ಪ್ಯಾಟ್ರಿಕ್ ಗೆಡ್ಡಿಸ್ ಅನ್ನೋರ ಬಗ್ಗೆ ಹೇಳಿದ್ರು, ಜೀವಶಾಸ್ತ್ರದಿಂದ ಪ್ಲಾನಿಂಗಿಗೆ ಬಂದ ಸ್ಕಾಟ್‌ಲೆಂಡಿನ ಮನುಷ್ಯ, 1914ರಲ್ಲಿ ಭಾರತಕ್ಕೆ ಬಂದು ಊರೂರು ಕಾಲ್ನಡಿಗೇಲಿ ತಿರುಗಿ ರಿಪೋರ್ಟ್ ಬರೆದೋರು, ಡಾಕ್ಟರು ಮೊದಲು ರೋಗ ಪತ್ತೆ ಮಾಡಿ ಆಮೇಲೆ ಔಷಧಿ ಕೊಡೋ ಹಂಗೆ ಊರಿಗೂ ಮೊದಲು ಸರ್ವೆ ಆಮೇಲೆ ಪ್ಲಾನು ಅನ್ನೋದು ಅವರ ಪಟ್ಟು. ನಾವು ಔಷಧಿ ಕೊಟ್ಟಾದ್ಮೇಲೆ ನಾಡಿ ಹಿಡಿದಿದ್ವಿ.

ಲೆಕ್ಕ ಶುರುವಾಗಿದ್ದು ಆಮೇಲೆ, ಇದೊಂದು ನನ್ನ ಏರಿಯಾ, ಅದಕ್ಕೆ ಸ್ವಲ್ಪ ಜಾಸ್ತಿ ಬರೀತೀನಿ, ಬೇಜಾರಾದೋರು ಮುಂದಿನ ಪ್ಯಾರಾಗೆ ಹೋಗಿ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ಮಳೆ ಬಿದ್ರೆ ಒಂದು ಲೀಟರ್ ನೀರು. ಎಕರೆಗೆ 4,047 ಚದರ ಮೀಟರ್. ಹತ್ತೆಕರೆಗೆ 50 ಮಿಲಿಮೀಟರ್ ಹೊಯ್ತು ಅಂದ್ರೆ 20 ಲಕ್ಷ ಲೀಟರ್! ಹೊಲ ಹೊಲವಾಗೇ ಇದ್ರೆ ಅದ್ರಲ್ಲಿ ಒಳ್ಳೇ ಪಾಲು ಮಣ್ಣು ಕುಡಿಯತ್ತೆ. ಅದೇ ಜಾಗಕ್ಕೆ ತಾರಸಿ, ಕಾಂಕ್ರೀಟು, ಡಾಂಬರು ಹಾಕಿದ್ರೆ ಬಿದ್ದಿದ್ದೆಲ್ಲ ಬಿದ್ದ ಕೂಡ್ಲೇ ಓಡತ್ತೆ, ಓಡಿ ಎಲ್ಲಿಗೆ ಹೋಗತ್ತೆ, ಕೆಳಗಿರೋ ಹಳೇ ಊರಿನ ಮನೆಗಳಿಗೆ. ನಮ್ಮ ಮೊದಲ ನಕ್ಷೇಲಿ ಇದಕ್ಕಿದ್ದ ಉತ್ತರ ರಸ್ತೆ ಪಕ್ಕದ ಚರಂಡಿ. ಅಂದ್ರೆ ನೀರನ್ನ ಇನ್ನೂ ಬೇಗ ಅವರ ಮನೆ ಬಾಗಿಲಿಗೆ ಮುಟ್ಸೋ ವ್ಯವಸ್ಥೆ.

ಇಂಗುಗುಂಡಿ ತೋಡಿದ್ರಾಯ್ತು ಅಂತ ಸುಮಾರು ಜನ ಅಂದ್ರಿ, ನಾನೂ ಅಂದೆ. ಕಾಲೇಜು ಹುಡುಗ್ರು ಹತ್ತು ಕಡೆ ಗುಂಡಿ ತೋಡಿ, ಹಿಂದಿನ ರಾತ್ರಿ ನೀರು ತುಂಬಿಸಿ ಮಣ್ಣು ನೆನೆಸಿ, ಮಾರನೇ ದಿನ ಮತ್ತೆ ತುಂಬಿಸಿ ಅರ್ಧ ಗಂಟೆಗೊಂದ್ಸಲ ಸ್ಕೇಲಿಟ್ಟು ಎಷ್ಟು ಇಳೀತು ಅಂತ ಬರೆದ್ರು. ಹೊಲದ ಮೇಲ್ಗಡೆ ಭಾಗದಲ್ಲಿ ಮರಳು ಮಿಶ್ರ ಮಣ್ಣು, ಗುಂಡಿ ಬೇಗ ಖಾಲಿ. ಕೆಳಗಡೆ ಜೇಡಿ, ಅಲ್ಲಿ ಹಿಂದಿನ ರಾತ್ರಿ ಹಾಕಿದ ನೀರೇ ಬೆಳಿಗ್ಗೆ ಮುಖ ನೋಡ್ಕೊಳ್ಳೋ ಹಂಗೆ ಕೂತಿತ್ತು. ಸೋ ಇಂಗುಗುಂಡಿ ಮೇಲ್ಗಡೆ ಮಾತ್ರ, ಮನೆಮನೆಗೆ ಸೆಪ್ಟಿಕ್ ಟ್ಯಾಂಕ್ ಅನ್ನೋ ಐಡಿಯಾ ಕೈಬಿಟ್ಟಿದ್ದೂ ಅದೇ ಕಾರಣಕ್ಕೆ, ಈಗ ಒಳಚರಂಡಿ ಎಲ್ಲಾ ಇಳಿಜಾರು ಹಿಡ್ಕೊಂಡು ಬಂದು ಒಂದೇ ಕಡೆ ಶುದ್ಧ ಆಗತ್ತೆ. ಹುಡುಗ್ರಾ, ನಿಮ್ಮ ಆ ಕೆಸರು ಮೆತ್ತಿದ ನೋಟ್‌ಬುಕ್ಕನ್ನ ಹಂಗೇ ಸ್ಕ್ಯಾನ್ ಮಾಡಿ ಅರ್ಜಿ ಜೊತೆ ಕೊಟ್ಟಿದೀವಿ.

ಆಟದ ಮೈದಾನ ಒಂದಡಿ ತಗ್ಗಿಸಿದ್ದು ಡ್ರಾಯಿಂಗ್ ಮಾಡೋ ನಮ್ಮ ತಮ್ಮನ ಐಡಿಯಾ. ಒಂದೆಕರೆ ಮೈದಾನ ಒಂದಡಿ ತಗ್ಗಿದ್ರೆ ಸುಮಾರು 12 ಲಕ್ಷ ಲೀಟರ್ ನಿಲ್ಲತ್ತೆ, ಕೆಳಗೆ ಸಣ್ಣ ಪೈಪಿಟ್ರೆ ಮಳೆ ನಿಂತ ಮೇಲೆ ನಿಧಾನಕ್ಕೆ ಖಾಲಿ ಆಗತ್ತೆ, ವರ್ಷದಲ್ಲಿ ನಾಲ್ಕೈದು ದಿನ ಆಟ ಇಲ್ಲ ಅಷ್ಟೇ. ಅಜ್ಜನ ಗೂಟದ ಸಾಲು ಈಗ ಹುಲ್ಲಿನ ಪಟ್ಟಿ, ಮೇಲಿನ ನೀರು ಅದ್ರಲ್ಲೇ ನಡ್ಕೊಂಡು ಬಂದು ಮೈದಾನಕ್ಕೆ ಇಳಿಯತ್ತೆ. ಈ ತಮ್ಮ 31 ಸಲ ಹಾಳೆ ಬದಲಾಯಿಸಿದಾನೆ, ಒಂದ್ಸಲವೂ ಮುಖ ಗಂಟಿಕ್ಕಿಲ್ಲ. ಅದಕ್ಕೆ ನಾನೇನೂ ಕೊಡೋಕಾಗಲ್ಲ ಕಣೋ, ಇನ್ಮೇಲೆ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಲ್ಲ.

ಫೈರ್ ಎಂಜಿನ್ ಡ್ರೈವರ್ ಅಣ್ಣನ ವಿಷಯ. ಕಾಗದದ ಮೇಲೆ ನಮ್ಮ ರಸ್ತೆ ತುದಿ ಚೆನ್ನಾಗೇ ಇತ್ತು, ಒಂದು ದುಂಡನೆ ತಿರುವು. ಅವರು ನೋಡಿ ಏನೂ ಹೇಳದೆ ಭಾನುವಾರ ಗಾಡೀನೇ ತಂದುಬಿಟ್ರು. ಹೊಲದಲ್ಲಿ ಸುಣ್ಣದ ಪುಡಿಯಲ್ಲಿ ರಸ್ತೆ ಗೆರೆ ಎಳೆದಿದ್ವಿ. ಮುಂದಿನ ಚಕ್ರ ಗೆರೆ ಒಳಗೇ ಇತ್ತು, ನಾವು ಚಪ್ಪಾಳೆ ತಟ್ಟೋಕೆ ಕೈ ಎತ್ತಿದ್ವಿ, ಅಷ್ಟರಲ್ಲಿ ಗಾಡಿ ಹಿಂಭಾಗ ಬೀಸ್ಕೊಂಡು ಬಂದು, ಸುಣ್ಣದ ಗೆರೆ ದಾಟಿ, ಯಾರದೋ ಕಾಂಪೌಂಡ್ ಇರಬೇಕಾದ ಜಾಗದಲ್ಲಿ ನಿಂತಿತು. ಅಣ್ಣ ಕಿಟಕಿಯಿಂದ ತಲೆ ಹೊರಗೆ ಹಾಕಿ "ಈ ಮನೆಯವರಿಗೆ ಹೇಳಿಬಿಡಿ, ಬೆಂಕಿ ಬಿದ್ರೆ ಮೊದಲು ಇವರ ಗೋಡೆ ಹೋಗತ್ತೆ" ಅಂದ್ರು. ಈಗ ಅಲ್ಲಿ ಟಿ ಆಕಾರದ ತಿರುವು, ಒಳಕ್ಕೆ ಹೋಗಿ ರಿವರ್ಸ್ ತಗೊಂಡು ನೆಟ್ಟಗೆ ಆಚೆ ಬರಬಹುದು. ಚಕ್ರ ಹೋಗೋ ದಾರಿ ಬೇರೆ, ಗಾಡಿ ಮೈ ಹೋಗೋ ದಾರಿ ಬೇರೆ ಅಂತ ನಮಗ್ಯಾರಿಗೂ ಹೊಳೆದಿರಲಿಲ್ಲ ಅಣ್ಣಾ.

ಈಗ ಅಸಲಿ ವಿಷಯಕ್ಕೆ ಬರ್ತೀನಿ. ಹನ್ನೊಂದು ಪುಟ ಆಕ್ಷೇಪಣೆ ಬರೆದ ಅಕ್ಕ ಮತ್ತೆ ಅವರ ಯಜಮಾನ್ರಿಗೆ. ನಿಮ್ಮ ಬಗ್ಗೆ ನಾವು ಕಮಿಟಿಯೋರು ಹಿಂದಿನಿಂದ ಏನೇನು ಮಾತಾಡಿದ್ವಿ ಅಂತ ಇಲ್ಲಿ ಬರೆಯೋಕಾಗಲ್ಲ. ಅವತ್ತಿನ ಸಭೇಲಿ ನಾನು ಜಂಬದಲ್ಲಿ ಎದ್ದು ನಿಂತು, ಎಕರೆಗೆ 12 ಮನೆ ಅಂತ ರೇಮಂಡ್ ಅನ್ವಿನ್ ಅನ್ನೋ ದೊಡ್ಡ ಪ್ಲಾನರ್ 1912ರಲ್ಲೇ ಹೇಳಿದಾರೆ, ನಮ್ಮದೂ ಕರೆಕ್ಟಾಗಿ 12 ಅಂದೆ. ಅಕ್ಕ ಕೂತಲ್ಲಿಂದಾನೇ "ಅದೇ ಅನ್ವಿನ್ ಇದ್ದ ಇಂಗ್ಲೆಂಡಿನ ಕಮಿಟಿ 1918ರಲ್ಲಿ ಪಟ್ಟಣಕ್ಕೆ 12, ಹಳ್ಳಿ ಕಡೆಗೆ 8 ಅಂತ ಹೇಳಿದೆ, ನೀವು ಅರ್ಧ ಓದ್ಕೊಂಡು ಬಂದಿದೀರ" ಅಂದ್ರು. ಸಭೆಯೆಲ್ಲ ಗೊಳ್ ಅಂತು. ಅವಮಾನ ಆಗಿ ಅವತ್ತು ರಾತ್ರಿ ನಿದ್ದೆ ಬರಲಿಲ್ಲ, ಬೆಳಗಿನ ಜಾವ ಎದ್ದು ಹನ್ನೊಂದೂ ಪುಟ ಮೊದಲ ಸಲ ಪೂರ್ತಿ ಓದಿದೆ (ಅದಕ್ಕೆ ಮುಂಚೆ ಓದಿರಲಿಲ್ಲ, ಹೌದು). ಅದ್ರಲ್ಲಿ ಸಿಟ್ಟು ಇದ್ದಿದ್ದು ಬರೀ ಒಂದು ಪುಟ. ಉಳಿದ ಹತ್ರಲ್ಲಿ ಹಳೇ ಊರಿನ ಓಣಿ ಎಲ್ಲೆಲ್ಲಿ ಎಷ್ಟು ಅಗಲ, ಎದುರುಬದುರು ಎರಡು ಗಾಡಿ ಬಂದ್ರೆ ಎಲ್ಲಿ ಸಿಕ್ಕಾಕೊಳ್ತವೆ, ಶಾಲೆ ಬಿಡೋ ಹೊತ್ತಿಗೆ ಮಕ್ಕಳು ಎಲ್ಲಿ ರಸ್ತೆ ದಾಟ್ತಾರೆ, ಎಲ್ಲಾ ಟೇಪ್ ಹಿಡಿದು ಅಳೆದು ಬರೆದಿದ್ರು. ನಾವು ಹಾಕಬೇಕಿದ್ದ ಅಷ್ಟೂ ಮೆಹನತ್ತು ನೀವು ಹಾಕಿದ್ರಿ, ಅದೂ ನಮ್ಮ ಪ್ಲಾನ್ ನಿಲ್ಲಿಸೋಕೆ.

ಮೇನ್ ರೋಡಿಗೆ ಎರಡನೇ ದಾರಿ ಬಂದಿದ್ದು ಅದರಿಂದ. ಶಾಲೆಗೆ ನಡ್ಕೊಂಡೇ ಹೋಗೋ ಕಾಲುದಾರಿ ಬಂದಿದ್ದೂ ಅದರಿಂದಾನೇ, ಅದಕ್ಕೆ ತನ್ನ ಜಮೀನಿನ ಅಂಚಲ್ಲಿ ಹನ್ನೆರಡಡಿ ಪಟ್ಟಿ ಬಿಟ್ಟುಕೊಟ್ಟ ಪಕ್ಕದ ಹೊಲದ ಚಿಕ್ಕಪ್ಪ "ಹೆಸರು ಗಿಸರು ಹಾಕಿದ್ರೆ ವಾಪಸ್ ತಗೋತೀನಿ" ಅಂದಿದಾರೆ, ಆದ್ದರಿಂದ ಇಷ್ಟೇ. ಕಾರು ಹೋಗೋ ದಾರಿ, ಕಾಲ್ನಡಿಗೆ ದಾರಿ ಪೂರ್ತಿ ಬೇರೆ ಮಾಡಬೇಕು, ಅಮೆರಿಕದ ರಾಡ್‌ಬರ್ನಲ್ಲಿ 1929ರಲ್ಲೇ ಹಂಗೆ ಮಾಡಿದಾರೆ ಅಂತ ನಮ್ಮಲ್ಲಿ ಕೆಲವರು ವಾದ ಮಾಡಿದ್ರು. ನಂಗೆ ಅಷ್ಟು ಸರಿ ಅನ್ನಿಸಲಿಲ್ಲ, ಮನೆಗಳ ಬೆನ್ನ ಹಿಂದೆ ಹೋಗೋ ದಾರೀಲಿ ಸಂಜೆ ಆದ್ಮೇಲೆ ಯಾರು ಓಡಾಡ್ತಾರೆ. ನಮ್ಮ ಕಾಲುದಾರಿಗೆ ಮನೆಗಳ ಕಿಟಕಿ ಮುಖ ಮಾಡಿವೆ.

120 ಇದ್ದಿದ್ದು 96 ಆಯ್ತು. ಎಕರೆಗೆ ಒಂಬತ್ತು ಚಿಲ್ಲರೆ. "ಇನ್ನೂ ಒಂದೂವರೆ ಜಾಸ್ತಿ ಇದೆ" ಅಂತ ಅಕ್ಕ ಮೊನ್ನೇನೂ ಮೆಸೇಜ್ ಹಾಕಿದಾರೆ, ಇರಲಿ.

ಆದ್ರೆ ಆ 24 ಬರೀ ನಂಬರ್ ಅಲ್ಲ, ಅಷ್ಟು ಜನ ಮೊದಲೇ ಹೆಸರು ಬರೆಸಿದ್ರು. ಅವರಲ್ಲಿ ಹದಿನೈದು ಜನ ಸಣ್ಣ ಸೈಟು, ಗೋಡೆಗೆ ಗೋಡೆ ಅಂಟಿರೋ ಸಾಲುಮನೆಗೆ ಒಪ್ಕೊಂಡು 96ರೊಳಗೇ ಜಾಗ ಮಾಡ್ಕೊಂಡ್ರು, ಅದಕ್ಕೋಸ್ಕರ ದೊಡ್ಡ ಸೈಟಿನ ಕೆಲವರು ತಮ್ಮ ಅಳತೆ ಕಮ್ಮಿ ಮಾಡ್ಕೊಂಡ್ರು, ಒಂಬತ್ತು ಜನ ಇನ್ನು ಕಾಯೋಕಾಗಲ್ಲ ಅಂತ ಬಿಟ್ಟು ಹೋದ್ರು. ಹೋದವರಲ್ಲಿ ಒಬ್ರು ನನ್ನ ಜೊತೆ ಮಾತು ಬಿಟ್ಟಿದಾರೆ. ಅವರಿಗೆ ಥ್ಯಾಂಕ್ಸ್ ಅನ್ನೋದು ಸರಿಹೋಗಲ್ಲ. ನಿಮ್ಮ ಮೊದಲ ಕಂತಿನ ನಂಬಿಕೆ ಮೇಲೇ ಸರ್ವೆ ಶುರುವಾಗಿದ್ದು, ಅದು ನಂಗೆ ಮರೆತಿಲ್ಲ, ಬೇಜಾರು ಇಳಿದಾಗ ಒಂದು ಫೋನ್ ಮಾಡಿ.

ಮನೆಯವಳಿಗೆ ಇಲ್ಲಿ ಬರೆದ್ರೆ ಬೈತಾಳೆ. ಆದ್ರೂ ಎರಡು ವರ್ಷ ನಮ್ಮ ಹಾಲ್‌ನಲ್ಲಿರೋ ಊಟದ ಟೇಬಲ್ ಮೇಲೆ ನಕ್ಷೆ ಹಾಸಿತ್ತು, ಮನೆಯೋರೆಲ್ಲ ತಟ್ಟೆ ತೊಡೆ ಮೇಲಿಟ್ಕೊಂಡು ಊಟ ಮಾಡಿದ್ರು. ಇವತ್ತು ಬೆಳಿಗ್ಗೆ ತೆಗೆದೆ.

ಸೋಮವಾರ ಬೆಳಿಗ್ಗೆ ಆರೂವರೆಗೆ ಮೊದಲ ಹಂತದ 30 ಮನೆಗೆ ಮಾರ್ಕಿಂಗ್. ಶುರು ಮಾಡೋದು ಹುಲ್ಲಿನ ಪಟ್ಟಿಯಿಂದ, ಮೊದಲ ಗೂಟ ಅಜ್ಜ ಹೊಡೀತಾರೆ, ಒಪ್ಕೊಂಡಿದಾರೆ, "ಮಳೆ ಇಲ್ದೇ ಇದ್ರೆ ಜಾಗ ಹೆಂಗೆ ಗೊತ್ತಾಗತ್ತೆ" ಅಂತ ಒಂದು ಮಾತು ಹೇಳಿ. ಬರೋರು ಬೂಟ್ಸ್ ಹಾಕ್ಕೊಂಡು ಬನ್ನಿ. ಮತ್ತೆ ನನ್ನ ನೂರಡಿ ಟೇಪು, ಹಳದಿ ಡಬ್ಬಿದು, ಸುಣ್ಣದ ಗೆರೆ ಹಾಕಿದ ಭಾನುವಾರದಿಂದ ಕಾಣ್ತಿಲ್ಲ, ಯಾರ ಹತ್ರ ಇದ್ರೂ ಸೋಮವಾರ ತಂದುಬಿಡಿ.