ಶಾಲೆ ಆರಿಸಲು ಚೀಟಿ ಎತ್ತಿ

ಮಾನ್ಯ ಸಂಪಾದಕರೇ,

ಎಸ್ಸೆಸ್ಸೆಲ್ಸಿ ಫಲಿತಾಂಶ ಕುಸಿದಾಗಲೆಲ್ಲ ನಮ್ಮ ಯಾದಗಿರಿಗೆ ಹೊಸ ಯೋಜನೆ ಬರುತ್ತದೆ. ಉಪಯೋಗ ಆಯ್ತಾ ಅಂತ ಯಾರೂ ನೋಡುವುದಿಲ್ಲ. ಹತ್ತಿ ಬಿಡಿಸಿ ವಾಪಸ್ ಬಂದ ನಮ್ಮೂರ ಮಕ್ಕಳಿಗೆ ದಶಕ ಪಡೆದು ಕಳೆಯುವ ಲೆಕ್ಕವೇ ಬರುವುದಿಲ್ಲ. ಕೈಯಲ್ಲಿ ಏಳನೇ ತರಗತಿ ಪುಸ್ತಕ!

ವಡೋದರಾ, ಮುಂಬೈಯಲ್ಲಿ ಪ್ರಥಮ್ ಸಂಸ್ಥೆ ಹಿಂದುಳಿದ ಮಕ್ಕಳನ್ನು ಬೇರೆ ಕೂರಿಸಿ, ಅಲ್ಲಿನ ಯುವತಿಯರಿಂದಲೇ ಪಾಠ ಹೇಳಿಸಿತು. ಯಾವ ಶಾಲೆಗೆ ಮೊದಲು ಅನ್ನುವುದನ್ನು ಚೀಟಿ ಎತ್ತಿದಂತೆ ಆರಿಸಿದ್ದರು. ಪಾಠ ಸಿಕ್ಕ, ಸಿಗದ ಶಾಲೆಗಳನ್ನು ಹೋಲಿಸಿದಾಗ ಅಂಕ ಏರಿದ್ದು ಗೊತ್ತಾಯಿತು. ಅದನ್ನು ಅಳೆದವರಲ್ಲಿ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ಇದ್ದರು. 2019ರಲ್ಲಿ ಅವರಿಗೆ ನೊಬೆಲ್ ಬಂತು.

ಮಕ್ಕಳ ಮೇಲೆ ಪ್ರಯೋಗವೇ ಅನ್ನಬಹುದು. ಈಗ ನಡೆಯುತ್ತಿರುವುದೂ ಅದೇ ಅಲ್ವಾ? ಶಾಸಕರ ಊರು ನೋಡಿ ಯೋಜನೆಗೆ ಶಾಲೆ ಆರಿಸುವ ಬದಲು ಎಲ್ಲರೆದುರು ಚೀಟಿ ಎತ್ತಿ. ಈ ವರ್ಷ ಅರ್ಧ ಶಾಲೆ, ಫಲ ಕಂಡರೆ ಮುಂದಿನ ವರ್ಷ ಉಳಿದವು. ಫಲ ಅಳೆಯುವ ಪರೀಕ್ಷೆಯನ್ನು ಮಾತ್ರ ಹತ್ತಿ ಸುಗ್ಗಿ ಮುಗಿದ ಮೇಲೆ ಇಡಿ.

– ಎಸ್‌ಡಿಎಂಸಿ ಸದಸ್ಯೆ, ಶಹಾಪುರ ತಾಲ್ಲೂಕು